ಎರಡು ಹಿಡಿ ಕಡಿಮೆ ಇರುವ ತಲೆದಿಂಬು

ನನ್ನ ತಲೆದಿಂಬಿನ ಒಂದು ಮೂಲೆ ತಗ್ಗಾಗಿದೆ. ಎಡಗಡೆಯ ಮೂಲೆ. ಮನೆಗೆ ಬಂದವರ ಕಣ್ಣು ಎಲ್ಲ ಬಿಟ್ಟು ಅಲ್ಲಿಗೇ ಹೋಗುತ್ತದೆ. "ಹೊಸಾದು ತಗೋಬಾರದೇನ್ರಿ ಅಕ್ಕಾರ?" ಅನ್ನುತ್ತಾರೆ. "ತಗೋಬೇಕ್ರಿ" ಅನ್ನುತ್ತೇನೆ. ಹೀಗೆ ಅನ್ನಲು ಶುರುಮಾಡಿ ಐವತ್ತು ವರ್ಷಕ್ಕೆ ಬಂತು.

ಅದನ್ನೇ ಬೆನ್ನಿಗೆ ಕೊಟ್ಟುಕೊಂಡು ಮೊನ್ನೆ ಟಿವಿ ನೋಡುತ್ತ ಕೂತಿದ್ದೆ. ಮೊಮ್ಮಗಳು ಯಾವುದೋ ಪರದೇಶದ ಧಾರಾವಾಹಿ ಹಚ್ಚಿಕೊಟ್ಟು ಹೋಗಿದ್ದಳು. ಅಪರಾಧದ ಕಥೆ. ಒಂದು ಕಾಲಕ್ಕೆ ಚೆನ್ನಾಗಿ ಬಾಳಿ ಈಗ ಕುಸಿಯುತ್ತಿರುವ ಒಂದು ಶಹರ, ಅದಕ್ಕೊಂದು ಬಂದರು. ಕ್ರೇನುಗಳು ತುಕ್ಕು ಹಿಡಿದು ನಿಂತಿವೆ, ಅರ್ಧ ಅಂಗಡಿಗಳ ಬಾಗಿಲು ಮುಚ್ಚಿದೆ. ಹಡಗಿನಿಂದ ಮಾಲು ಇಳಿಯುತ್ತದೆ, ಇಳಿಯುವ ದಾರಿಯಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಪಾಲು ತೆಗೆಯುತ್ತಾರೆ. ಹಮಾಲರದೊಂದು ಪಾಲು, ಅವರ ಮುಖಂಡನದೊಂದು, ಗೇಟಿನವನದೊಂದು, ಗೇಟಿನವನನ್ನು ಕಾಯುವವನದೊಂದು. ಭಾಷೆ ಒಂದಕ್ಷರ ತಿಳಿಯಲಿಲ್ಲ. ಕಥೆ ಪೂರ್ತಿ ತಿಳಿಯಿತು.

ಮೊಮ್ಮಗಳು ತಿರುಗಿ ಬಂದಾಗ ಯಾರು ಯಾರಿಗೆ ಮುಚ್ಚಿಟ್ಟು ಏನು ತೆಗೆದರು ಎಂದು ವಿವರವಾಗಿ ಹೇಳಿದೆ. ಅವಳಿಗೆ ಗಾಬರಿ.

"ಆಯಿ, ನಿನಗ ಇಂಗ್ಲಿಷ್ ಯಾವಾಗ ಬಂತು?"

"ನಾ ಹತ್ತಿ ಪ್ಯಾಟಿ ಊರಾಗ ಹುಟ್ಟಿದಾಕಿ. ಇದಕ್ಕ ಇಂಗ್ಲಿಷ್ ಯಾಕ ಬೇಕು?" ಅಂದೆ.

ನನ್ನ ತವರೂರಿನ ಹೆಸರು ಹೇಳುವುದಿಲ್ಲ. ಅಣ್ಣಿಗೇರಿಗೂ ನವಲಗುಂದಕ್ಕೂ ನಡುವೆ ಎಲ್ಲೋ ಇದೆ ಅಂದುಕೊಳ್ಳಿ. ಹೇಳಲು ನನ್ನದೇನೂ ಅಡ್ಡಿಯಿಲ್ಲ, ಆದರೆ ಆ ಊರಿನವರು ಇನ್ನೂ ಗಾದಿಯ ಮೇಲೆ ಮಲಗುತ್ತಾರೆ. ಅವರ ನಿದ್ದೆ ಕೆಡಿಸುವುದು ಯಾಕೆ?

ಅಲ್ಲಿ ಸಮುದ್ರವಿರಲಿಲ್ಲ. ನೀರೆಂದರೆ ಒಂದು ಕೆರೆ, ಅದರೊಳಗೆ ಎಮ್ಮೆ ಇಳಿದರೂ ಬೆನ್ನು ತೋಯುತ್ತಿರಲಿಲ್ಲ. ಆದರೆ ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ಹೋಳಿಹುಣ್ಣಿಮೆಯ ಹಿಂದುಮುಂದು ಪೇಟೆಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಸುತ್ತಲಿನ ಊರುಗಳ ಚಕ್ಕಡಿಗಳೆಲ್ಲ ಹತ್ತಿ ಹೇರಿಕೊಂಡು ಬರುತ್ತಿದ್ದವು. ಗಾಳಿ ಬೀಸಿದರೆ ಬೇಲಿ, ಬೇವಿನಗಿಡ, ಹಮಾಲರ ಮೀಸೆ, ಎಲ್ಲದಕ್ಕೂ ಹತ್ತಿ. ನಮ್ಮೂರಿನಲ್ಲಿ ಆಗ ಎಲ್ಲ ಗಂಡಸರೂ ಮುದುಕರ ಹಾಗೆ ಕಾಣುತ್ತಿದ್ದರು.

ಹತ್ತಿ ಕೊಳ್ಳುವ ರೀತಿ ಹೀಗಿತ್ತು. ಹತ್ತಿ ತುಂಬಿದ ದೊಡ್ಡ ಚೀಲಕ್ಕೆ ನಮ್ಮ ಕಡೆ ಅಂಡಿಗೆ ಅನ್ನುತ್ತಾರೆ. ರೈತರೇನು ಕಡಿಮೆಯವರಲ್ಲ, ಒಳ್ಳೆಯದನ್ನು ಮೇಲೆ ಹಾಕಿ ಉಳಿದದ್ದನ್ನು ಕೆಳಗೆ ತುಂಬಿರುತ್ತಾರೆ. ಅದಕ್ಕೆ ಕೊಳ್ಳುವ ಅಂಗಡಿಯ ಮನುಷ್ಯ ತೋಳು ಪೂರ್ತಿ ಒಳಗೆ ತೂರಿಸಿ, ತಳದಿಂದ ಒಂದು ಹಿಡಿ ಕಿತ್ತು ತೆಗೆದು, ಎರಡು ಹೆಬ್ಬೆರಳ ನಡುವೆ ಎಳೆದು ನೋಡುತ್ತಿದ್ದ. ಎಳೆ ಎಷ್ಟು ಉದ್ದ, ಎಷ್ಟು ಗಟ್ಟಿ, ಅದರ ಮೇಲೆ ಮಾತು. ಎಳೆದು ನೋಡಿದ ಹತ್ತಿಯನ್ನು ತಿರುಗಿ ಅಂಡಿಗೆಗೆ ಹಾಕುವ ರೂಢಿ ಇರಲಿಲ್ಲ. ಕೈ ಮುಟ್ಟಿದ ಮಾಲು ಅನ್ನುತ್ತಿದ್ದರು. ಅದು ನೋಡಿದವನ ಟವೆಲಿಗೆ ಹೋಗುತ್ತಿತ್ತು. ಇದಕ್ಕೊಂದು ಹೆಸರು ಕೂಡ ಇರಲಿಲ್ಲ. ಹೆಸರೇ ಇಲ್ಲದ್ದನ್ನು ಕಳವು ಎಂದು ಯಾರು ಕರೆಯಬೇಕು?

ನಮ್ಮಪ್ಪ ಇಂಥ ಒಂದು ಅಂಗಡಿಯಲ್ಲಿ ಹತ್ತಿ ನೋಡುವ ಕೆಲಸದಲ್ಲಿದ್ದರು. ಇಡೀ ಪೇಟೆಯಲ್ಲಿ ಅವರಷ್ಟು ಶುದ್ಧ ಮನುಷ್ಯ ಇಲ್ಲ ಎಂದು ಹೆಸರು. ಬೆಳಿಗ್ಗೆ ಒಂದು ತಾಸು ಲಿಂಗಪೂಜೆ, ಹಣೆ ತುಂಬ ವಿಭೂತಿ, ಬಾಯಲ್ಲಿ ಸುಳ್ಳು ಬರದು. ಯಾರ ಮನೆಯ ಚಹಾ ಕೂಡ ಸುಮ್ಮನೆ ಕುಡಿದವರಲ್ಲ. ದೇವರು ಅವರಿಗೆ ದೊಡ್ಡ ಹಸ್ತ ಕೊಟ್ಟಿದ್ದ, ಅಷ್ಟೆ. ಬೇರೆಯವರ ಒಂದೂವರೆ ಹಿಡಿ ಅಪ್ಪನ ಒಂದು ಹಿಡಿ. ತಮ್ಮ ಅಂಡಿಗೆಯ ಹತ್ತಿರ ಅಪ್ಪ ಬಂದರೆ ಕೆಲವು ರೈತರು "ಆ ಸಣ್ಣ ಕೈಯವರನ್ನ ಕಳಸ್ರಿ" ಅನ್ನುತ್ತಿದ್ದರಂತೆ. ಅಪ್ಪ ಅದನ್ನು ಚೇಷ್ಟೆ ಎಂದು ತಿಳಿದು ಮನೆಗೆ ಬಂದು ನಗುತ್ತ ಹೇಳುತ್ತಿದ್ದರು.

ಟವೆಲಿನ ಗಂಟು ಮನೆಗೆ ಬಂದ ಮೇಲೆ ಅವ್ವನದೂ ನನ್ನದೂ ಕೆಲಸ. ಹತ್ತಿಯಿಂದ ಕಾಳು ಬಿಡಿಸುವುದು. ಕಾಳು ಎಮ್ಮೆಗೆ, ಹತ್ತಿ ಮೂಲೆಯ ಚೀಲಕ್ಕೆ. ಹತ್ತಿಕಾಳು ತಿಂದ ಎಮ್ಮೆಯ ಹಾಲು ಹೇಗಿರುತ್ತದೆ ಎಂದು ತಿಳಿಯದವರಿಗೆ ಹೇಳಿ ಪ್ರಯೋಜನವಿಲ್ಲ. ಕೆನೆಯನ್ನು ಬೆರಳಿನಿಂದ ಎತ್ತಿದರೆ ಅರಿವೆಯಂತೆ ಎದ್ದು ಬರುತ್ತಿತ್ತು. ಒಟ್ಟಿನಲ್ಲಿ ಟಿವಿಯ ಭಾಷೆಯಲ್ಲಿ ಹೇಳುವುದಾದರೆ ನಮ್ಮ ಎಮ್ಮೆಯೂ ಆ ಕೂಟದ ಸದಸ್ಯೆಯೇ. ಅದು ಕೊನೆಯವರೆಗೆ ಬಾಯಿ ಬಿಡಲಿಲ್ಲ.

ಆರು ವರ್ಷದ ಹಿಡಿಗಳು ಸೇರಿ ನನ್ನ ಮದುವೆಯ ಗಾದಿಯಾಯಿತು. ಪಿಂಜಾರ ಕಾಕಾ ಬಂದು ನಮ್ಮ ಅಂಗಳದಲ್ಲಿ ಕೂತು, ಬಿಲ್ಲು ಹಿಡಿದು ಟೊಂಯ್ ಟೊಂಯ್ ಎಂದು ಎರಡು ದಿನ ಹತ್ತಿ ಹಿಂಜಿದ. ಒಂದು ಹಿಡಿ ಎತ್ತಿ ಬೆಳಕಿಗೆ ಹಿಡಿದು, "ಬೇಟಿ, ಇಂಥಾ ಗಾದಿ ನಾ ಯಾರಿಗೂ ಹೊಲದಿಲ್ಲ. ಇದರಾಗ ಇಡೀ ತಾಲೂಕು ಐತಿ" ಅಂದ. ಹೊಗಳಿದ ಎಂದು ಅವ್ವ ಅವನಿಗೆ ಇನ್ನೊಂದು ಬಟ್ಟಲು ಚಹಾ ಕೊಟ್ಟಳು. ಎರಡು ತಲೆದಿಂಬು ಮಾಡುವುದು ಉಳಿಯಿತು. ಅಷ್ಟರಲ್ಲಿ ಕಾಕಾ ಉರುಸಿಗೆಂದು ಯಮನೂರಿಗೆ ಹೋದ. ಅವ್ವನಿಗೆ ಕಾಯುವ ಸ್ವಭಾವವಿಲ್ಲ. ಆ ಹಂಗಾಮಿನ ಹತ್ತಿಯನ್ನು ಹಿಂಜದೆ, ಬಂದ ಬಂದ ಹಿಡಿಯನ್ನು ಹಾಗೇ ಒಂದರ ಮೇಲೊಂದು ತುರುಕಿ ತಾನೇ ಹೊಲಿದುಬಿಟ್ಟಳು. ಈ ಅವಸರವನ್ನು ನೆನಪಿಡಿ.

ಇನ್ನು ನನ್ನ ಮದುವೆ. ಗಂಡಿನ ತಂದೆ ನವಲಗುಂದದಲ್ಲಿ ಹೆಡ್ ಮಾಸ್ತರರು. ಖಾದಿ ಅಂಗಿ, ಕೈಯಲ್ಲಿ ಕೊಡೆ. ನೋಡಲು ಬಂದಾಗಲೇ ಹೇಳಿದರು: "ನಮಗ ಹುಂಡಾ ಬ್ಯಾಡ, ಬಂಗಾರ ಬ್ಯಾಡ. ಶುದ್ಧ ಮನಿತನದ ಹುಡುಗಿ ಬೇಕು ನೋಡ್ರಿ." ಅಪ್ಪ ಕಣ್ಣು ಮಿಟುಕಿಸದೆ, "ಅದಕ್ಕೇನೂ ಕೊರತಿ ಇಲ್ರಿ" ಅಂದರು. ಅವರು ಹಾಗೆ ನಂಬಿದ್ದರು, ನಾವೂ ನಂಬಿದ್ದೆವು. ಹುಡುಗನನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ. ಕಿವಿ ಸ್ವಲ್ಪ ದೊಡ್ಡವು. ಉಪ್ಪಿಟ್ಟಿನಲ್ಲಿ ಕಲ್ಲು ಸಿಕ್ಕಾಗ ಯಾರಿಗೂ ಕಾಣದ ಹಾಗೆ ತೆಗೆದು ಕಿಸೆಗೆ ಹಾಕಿಕೊಂಡರು. ನನಗೆ ಅಲ್ಲೇ ಹಿಡಿಸಿಬಿಟ್ಟರು. ಮದುವೆಯಾದರೆ ಇವರನ್ನೇ ಎಂದು ಎಮ್ಮೆಗೆ ಹೇಳಿದೆ.

ಆಗ ಬಂತು ದೂರು. ತಿರ್ಲಾಪುರದ ಹನುಮವ್ವ ಎಂಬ ಹೆಣ್ಣುಮಗಳು ಜಿಲ್ಲಾ ಕಚೇರಿಗೆ ಅರ್ಜಿ ಬರೆಸಿ ಹಾಕಿದ್ದಳು. ಗಂಡನಿಲ್ಲ, ತುಂಡು ಹೊಲ, ವರ್ಷಕ್ಕೆ ಒಂದೇ ಅಂಡಿಗೆ ಹತ್ತಿ. ಪೇಟೆಗೆ ತಂದರೆ ತೂಕಕ್ಕೆ ಮೊದಲು ಹತ್ತು ಅಂಗಡಿಯವರು ಹನ್ನೊಂದು ಕೈ ಹಾಕಿದರು ಎಂದು ದೂರು. ವಿಚಾರಣೆಗೆ ಒಬ್ಬ ಸಾಹೇಬರು ಬರುತ್ತಾರೆಂದು ಸುದ್ದಿಯಾಯಿತು. ಸುದ್ದಿ ನವಲಗುಂದಕ್ಕೂ ಮುಟ್ಟಿತು. ಮಾಸ್ತರರು ಹೇಳಿಕಳಿಸಿದರು: "ವಿಚಾರಣಿ ಮುಗೀಲಿ. ನಿಮ್ಮ ಹೆಸರು ಬರಲಿಲ್ಲಂದ್ರ ಲಗ್ನಪತ್ರಿಕಿ ಅಚ್ಚ ಹಾಕ್ಸೂಣು. ಬಂದ್ರ, ಬಿಟ್ಟುಬಿಡೂಣು." ನನಗೆ ಊಟ ಸೇರದಾಯಿತು. ಅಪ್ಪನಿಗೆ ಮಾತ್ರ ಏನೂ ಅನ್ನಿಸಲಿಲ್ಲ. ಕಳ್ಳರು ಸಿಕ್ಕಿಬೀಳಲಿ ಎಂದು ಅವರೂ ಕಾಯುತ್ತಿದ್ದರು.

ಸಾಹೇಬರು ಬಂದರು. ದಪ್ಪ ಕನ್ನಡಕ, ಕೈಯಲ್ಲಿ ಫೈಲು, ಮತ್ತು ಬೆನ್ನುನೋವು. ಪ್ರವಾಸಿ ಬಂಗಲೆಯ ಮಂಚದಲ್ಲಿ ತಿಗಣೆ ಇದ್ದುದರಿಂದ ಅವರು ಯಾರದಾದರೂ ಮನೆಯಲ್ಲಿ ಉಳಿಯಬೇಕಾಯಿತು. ವ್ಯಾಪಾರಸ್ಥರ ಮನೆಯಲ್ಲಿ ಉಳಿದರೆ ವಶೀಲಿ ಎಂದಾರು. "ಹಂಗಾರ ಈ ಪ್ಯಾಟ್ಯಾಗ ಅಗದಿ ಪ್ರಾಮಾಣಿಕ ಮನಷ್ಯಾ ಯಾರು?" ಎಂದು ಸಾಹೇಬರು ಕೇಳಿದರಂತೆ. ಹತ್ತು ಬೆರಳು ನಮ್ಮಪ್ಪನ ಕಡೆ ತೋರಿಸಿದವು.

ಅತಿಥಿ ಸಾಹೇಬರು, ಅದರಲ್ಲೂ ಬೆನ್ನುನೋವಿನವರು. ಮನೆಯಲ್ಲಿದ್ದದ್ದು ಕಂಬಳಿ, ಕೌದಿ. ಅವ್ವ ಅರೆಗಳಿಗೆ ಯೋಚಿಸಿ ನನ್ನ ಮದುವೆಯ ಗಾದಿಯನ್ನು ತಂದು ಬಿಡಿಸಿ ಹಾಸಿದಳು. ಹೊಸ ಗಾದಿಯ ಮೇಲೆ ವಧೂವರರಿಗಿಂತ ಮೊದಲು ಬೇರೆಯವರು ಮಲಗಬಾರದು. ನಾನು ಅಡಿಗೆಮನೆಯಲ್ಲಿ ಅತ್ತೆ. "ಸುಮ್ಮನಿರ ಬೇ, ಸರಕಾರ ಮಲಗತೈತಿ" ಅಂದಳು ಅವ್ವ.

ಟಿವಿಯ ತನಿಖೆಯವನಿಗೆ ನಿದ್ದೆಯೇ ಇಲ್ಲ. ಕಾರಿನಲ್ಲಿ ಕೂತು ಬಂದರನ್ನು ಕಾಯುತ್ತಾನೆ, ಸಿಗರೇಟು ಸೇದುತ್ತಾನೆ, ಹೆಂಡತಿಯೊಂದಿಗೆ ಜಗಳಾಡುತ್ತಾನೆ. ನಮ್ಮ ಸಾಹೇಬರು ಮಲಗಿದರು. ಮೊದಲ ದಿನ ಎಂಟು ತಾಸು. ಎದ್ದು ಬಂದು, "ಹತ್ತು ವರ್ಷದಾಗ ಇಂಥಾ ನಿದ್ದಿ ಮಾಡಿರಲಿಲ್ಲ ನೋಡ್ರಿ" ಅಂದರು. ಮರುದಿನದಿಂದ ಮಧ್ಯಾಹ್ನದ ಊಟದ ಮೇಲೂ ಮಲಗತೊಡಗಿದರು. ಎರಡು ದಿನದ ವಿಚಾರಣೆ ಆರು ದಿನವಾಯಿತು. ಸಾಕ್ಷಿಯನ್ನು ಹುಡುಕಿಕೊಂಡು ಬೆಳಿಗ್ಗೆ ಪೇಟೆ ತಿರುಗುತ್ತಿದ್ದರು, ಮಧ್ಯಾಹ್ನ ಬಂದು ಸಾಕ್ಷಿಯ ಮೇಲೆ ಮಲಗುತ್ತಿದ್ದರು.

ನಾಲ್ಕನೆಯ ದಿನ ಅವ್ವ ಹತ್ತಿಕಾಳು ನೆನೆಸಿ ರುಬ್ಬಿ ಹಾಲು ತೆಗೆದು ಪಾಯಸ ಮಾಡಿದ್ದಳು. ಎರಡು ಬಟ್ಟಲು ಉಂಡು, ಬಾಯಿ ಒರೆಸಿಕೊಂಡು ಸಾಹೇಬರು ಕೇಳಿದರು:

"ಗಾದೀದು ಭಾಳ ಚೊಲೋ ಹತ್ತಿ ಐತ್ರಿ. ನಿಮ್ಮ ಹೊಲದ್ದೇನು?"

"ನಮಗ ಹೊಲಾ ಇಲ್ರಿ" ಅಂದರು ಅಪ್ಪ.

"ಮತ್ತ ಎಲ್ಲೀದ್ರಿ?"

ನನ್ನ ಕೈಯಲ್ಲಿದ್ದ ಸೌಟು ನಿಂತಿತು. ಅಪ್ಪನ ಬಾಯಲ್ಲಿ ಸುಳ್ಳು ಬರದು ಎಂದು ಹೇಳಿದೆನಲ್ಲ. "ಎಲ್ಲಾ ಊರಿಂದೂ ಐತ್ರಿ ಸಾಹೇಬ್ರ. ಒಂದೊಂದು ಹಿಡಿ" ಅಂದರು. ಹಾಗೆ ಅನ್ನುತ್ತ ಅನ್ನುತ್ತ ಅವರ ದನಿ ಸ್ವಲ್ಪ ಇಳಿಯಿತು. ಆರು ವರ್ಷ ಟವೆಲಿನಲ್ಲಿ ತಂದದ್ದನ್ನು ಅವರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ್ದನ್ನು ತಾವೇ ಕೇಳಿದ್ದೂ ಅದೇ ಮೊದಲು. ಸಾಹೇಬರು ಮಾತ್ರ ಕಣ್ಣಲ್ಲಿ ನೀರು ತಂದುಕೊಂಡು, "ಮಂದಿ ಎಷ್ಟು ಪ್ರೀತಿ ಇಟ್ಟಾರ್ರಿ ನಿಮ್ಮ ಮ್ಯಾಲೆ!" ಅಂದು ಮೂರನೆಯ ಬಟ್ಟಲಿಗೆ ಕೈಯೊಡ್ಡಿದರು.

ಅಪ್ಪ ಆ ಮಧ್ಯಾಹ್ನ ಪಾಯಸ ಮುಟ್ಟಲಿಲ್ಲ.

ಆರನೆಯ ದಿನ ಹನುಮವ್ವನ ಹೇಳಿಕೆ. ಪೇಟೆಯಲ್ಲಿ ಕಿವಿ ಬಹಳ ಎಂದು ಸಾಹೇಬರು ಅವಳನ್ನು ನಮ್ಮ ಮನೆಯ ಕಟ್ಟೆಗೇ ಕರೆಸಿದರು. ಬೆನ್ನಿಗಿರಲಿ ಎಂದು ಗಾದಿಯನ್ನು ಕಟ್ಟೆಯ ಮೇಲೆ ಹಾಸಿಸಿಕೊಂಡು, ಒಂದು ತಲೆದಿಂಬಿಗೆ ಒರಗಿ, ಇನ್ನೊಂದನ್ನು ಬಾಜು ಇಟ್ಟುಕೊಂಡು ಕೂತರು. ಅಪ್ಪ ಕಂಬಕ್ಕೆ ಆತು ನಿಂತಿದ್ದರು. ಹನುಮವ್ವ ಬಂದು ಗಾದಿಯ ಅಂಚಿಗೆ ನೆಲದ ಮೇಲೆ ಕೂತಳು. ಕಪ್ಪು ಮಣ್ಣು ತುಂಬಿದ ಬಿರುಕುಗಾಲು, ಸೆರಗು ತಲೆಯ ಮೇಲೆ. ನಾನು ನೀರು ಕೊಡಲು ಹೋದೆ.

"ಹನ್ನೊಂದು ಕೈರಿ" ಅಂದಳು. "ಇಪ್ಪತ್ತು ಅಂಡಿಗಿ ಇದ್ದಾವಗ ಒಂದು ಹಿಡಿ ಹೋದ್ರ ಏನೂ ಗೊತ್ತಾಗೂದಿಲ್ರಿ. ನಂದು ಒಂದ ಅಂಡಿಗಿ. ಹನ್ನೊಂದು ಹಿಡಿ ಅಂದ್ರ ಒಂದು ತಲಿದಿಂಬು ಹೋದಂಗಾತಿಲ್ರಿ? ಒಬ್ಬಾಂವ ಅಂತೂ ಎರಡು ಸಲ ಕೈ ಹಾಕಿದ. ಎಳಿ ಚೊಲೋ ಐತಿ, ಇನ್ನೊಮ್ಮೆ ನೋಡ್ತೀನಿ ಅಂದ."

ಹೇಳುತ್ತಿದ್ದಂತೆ ಅವಳ ಕೈ ಬಾಜು ಇದ್ದ ತಲೆದಿಂಬಿಗೆ ಹೋಯಿತು. ಅವ್ವನ ಹೊಲಿಗೆ ಮೂಲೆಯಲ್ಲಿ ಬಿಚ್ಚಿತ್ತು, ಒಂದು ಚೂರು ಹತ್ತಿ ಹೊರಗೆ ಇಣುಕುತ್ತಿತ್ತು. ಹತ್ತಿ ಬೆಳೆಯುವವರ ಕೈ ಸುಮ್ಮನಿರುವುದಿಲ್ಲ. ಕಿತ್ತಳು, ಹೆಬ್ಬೆರಳ ನಡುವೆ ಎಳೆದಳು, ಎಳೆದು ನಿಲ್ಲಿಸಿದಳು. ಆಗ ಎಲ್ಲರೂ ಹೊಸ ತಳಿಯ ಬೆಳ್ಳನೆಯ ಹತ್ತಿಗೆ ತಿರುಗಿದ್ದರು. ಸುತ್ತಲಿನ ಊರುಗಳಲ್ಲಿ ಹಳೆಯ ಜವಾರಿ ಹತ್ತಿ ಬಿತ್ತುತ್ತಿದ್ದವಳು ಅವಳೊಬ್ಬಳೇ. ಅದರ ಬಣ್ಣ ತುಸು ಕಂದು. ಅವಳ ಬೆರಳಲ್ಲಿದ್ದದ್ದು ಕಂದು ಹತ್ತಿ.

ಅವಳು ತಲೆ ಎತ್ತಿ ಅಪ್ಪನನ್ನು ನೋಡಿದಳು. ಮುಖವನ್ನಲ್ಲ, ಕೈಯನ್ನು. ಅಪ್ಪ ಕೈಗಳನ್ನು ಬೆನ್ನ ಹಿಂದೆ ತೆಗೆದುಕೊಂಡರು. ಅಷ್ಟು ದೊಡ್ಡ ಕೈಗಳನ್ನು ಅಡಗಿಸಲು ಅವರ ಬೆನ್ನು ಸಾಲಲಿಲ್ಲ. ಆಮೇಲೆ ಅವಳು ನನ್ನನ್ನು ನೋಡಿದಳು.

"ಮದಿವಿ ಗಾದಿ ಏನವಾ?"

"ಹೌದ್ರಿ" ಅಂದೆ.

"ಹೆಸರು ಹೇಳವಾ, ಬರಕೊಳ್ತೀನಿ" ಅಂದರು ಸಾಹೇಬರು, ಪೆನ್ನು ತೆಗೆದು. "ಯಾರ‍್ಯಾರು ಕೈ ಹಾಕಿದ್ರು? ಆ ಎರಡು ಸಲ ಹಾಕಿದಾಂವ ಯಾರು?"

ಹನುಮವ್ವ ಕಂದು ಹತ್ತಿಯನ್ನು ಅಂಗೈಯಲ್ಲಿ ಉರುಳಿಸಿ ಉಂಡೆ ಮಾಡಿದಳು. ನಾನು ಅವಳ ಬಾಯನ್ನೇ ನೋಡುತ್ತಿದ್ದೆ. ನವಲಗುಂದದ ದೊಡ್ಡ ಕಿವಿಗಳು ಕಣ್ಣಮುಂದೆ ಬಂದವು. ಇನ್ನು ಅವನ್ನು ನೋಡಲಾರೆ ಅನ್ನಿಸಿತು.

"ಹೆಸರು ಗೊತ್ತಿಲ್ರಿ" ಅಂದಳು ಕೊನೆಗೆ. "ಅಂಡಿಗ್ಯಾಗ ತಲಿ ಹಾಕಿ ಬಗ್ಗಿರ್ತಾರ್ರಿ. ಮಾರಿ ಕಾಣೂದಿಲ್ಲ."

ಸಾಹೇಬರು ಪೆನ್ನು ಮುಚ್ಚಿದರು. ಹನುಮವ್ವ ಏಳುತ್ತ, ಆ ತಲೆದಿಂಬನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು. "ಇದನ್ನ ನಾ ಒಯ್ಯಲೇನ್ರಿ?" ಎಂದು ಅಪ್ಪನನ್ನು ಕೇಳಿದಳು. ಅಪ್ಪ ಎರಡೂ ಕೈ ಜೋಡಿಸಿದರು. ತನ್ನ ಪೇಟೆಯ ಮೇಲೆ ದೂರು ಕೊಟ್ಟವಳಿಗೂ ಮಗಳ ಮದುವೆಯ ತಲೆದಿಂಬು ಕೊಟ್ಟ ಈ ಮನುಷ್ಯನ ಬಗ್ಗೆ ಸಾಹೇಬರು ವರದಿಯಲ್ಲಿ ಒಂದು ಪ್ಯಾರಾ ಬರೆದರು. ದೂರಿನಲ್ಲಿ ಹುರುಳಿಲ್ಲ ಎಂದು ಇನ್ನೊಂದು ಪ್ಯಾರಾ. ಹೋಗುವಾಗ ತಮಗೂ ಅಂಥದೇ ಒಂದು ಗಾದಿ ಮಾಡಿಸಿಕೊಡಲು ಕೇಳಿದರು. "ಆ ಹತ್ತಿ ಇನ್ನ ಸಿಗೂದಿಲ್ರಿ" ಅಂದರು ಅಪ್ಪ.

ಲಗ್ನಪತ್ರಿಕೆ ಅಚ್ಚಾಯಿತು. ಮದುವೆ ಗಂಡಿನ ಊರಲ್ಲಿ. ಹೆಣ್ಣಿನ ಕಡೆಯವರೆಲ್ಲ ಒಂದು ಲಾರಿಯಲ್ಲಿ ಹೊರಟೆವು. ಸುತ್ತಿದ ಗಾದಿಯ ಮೇಲೆ ನಾನೇ ಕೂತಿದ್ದೆ. ತಿರ್ಲಾಪುರದ ಹತ್ತಿರ ರಸ್ತೆಯ ಬದಿಯಲ್ಲಿ ಹನುಮವ್ವ ಕೈ ಎತ್ತಿ ನಿಂತಿದ್ದಳು. ಲಾರಿ ನಿಂತಿತು. ಮುಂದೆ ಡ್ರೈವರನ ಬಾಜು ಕೂತಿದ್ದ ಅಪ್ಪ ಇಳಿಯಲಿಲ್ಲ, ಎದುರಿನ ಗಾಜನ್ನು ನೋಡುತ್ತ ಕೂತರು. ಅವಳು ಹಿಂದಕ್ಕೆ ಬಂದು ನನ್ನ ಕೈಗೆ ಆ ತಲೆದಿಂಬು ಕೊಟ್ಟಳು. ಒಂದು ಮೂಲೆ ಬಿಚ್ಚಿ ತಿರುಗಿ ಹೊಲಿದಿತ್ತು, ಅವ್ವನಿಗಿಂತ ಚೆನ್ನಾಗಿ. ಆ ಮೂಲೆ ತಗ್ಗಾಗಿತ್ತು.

"ನಂದೆರಡು ಹಿಡಿ ಅಷ್ಟ ಆರಿಸಿ ತಗೊಂಡೀನವಾ" ಅಂದಳು. "ಉಳಿದದ್ದು ಮಂದೀದು. ಅವರವರಿಗೆ ಮುಟ್ಟಸು."

"ಮುಟ್ಟಸ್ತೀನ್ರಿ" ಅಂದೆ. ಲಾರಿ ಹೊರಡುವ ಅವಸರ. ಮದುಮಗಳು ಆ ದಿನ ಏನು ಕೇಳಿದರೂ ಹ್ಞೂಂ ಅನ್ನುತ್ತಾಳೆ.

ಅಪ್ಪ ಆಮೇಲೆ ಎಂಟು ವರ್ಷ ಅದೇ ಕೆಲಸದಲ್ಲಿದ್ದರು. ಎಳೆದು ನೋಡಿದ ಹತ್ತಿಯನ್ನು ಮತ್ತೆ ಅಂಡಿಗೆಯ ಬಾಯಿಗೆ ತುರುಕುತ್ತಿದ್ದರಂತೆ. ಪೇಟೆಯವರು ಮುದುಕನಿಗೆ ಅರಳುಮರಳು ಎಂದು ನಕ್ಕರು. ತವರಿಗೆ ಹೋದಾಗ ನೋಡಿದ್ದೇನೆ, ಬರೀ ಕಂಬಳಿಯ ಮೇಲೆ ತೋಳನ್ನೇ ತಲೆಗೆ ಕೊಟ್ಟು ಮಲಗುತ್ತಿದ್ದರು. ಕೇಳಿದರೆ ದಿಂಬು ಇಟ್ಟರೆ ಕುತ್ತಿಗೆ ಹಿಡಿಯುತ್ತದೆ ಅನ್ನುತ್ತಿದ್ದರು. ಸುಳ್ಳು ಬಾರದ ಮನುಷ್ಯ ಹೇಳಿದ ಒಂದೇ ಸುಳ್ಳು ಅದು.

ನಾನು ಮಾತ್ರ ಈ ದಿಂಬಿನ ಮೇಲೆ ಚೆನ್ನಾಗಿ ನಿದ್ದೆ ಮಾಡಿದ್ದೇನೆ. ಮುಟ್ಟಿಸುವ ಯೋಚನೆ ಬರಲಿಲ್ಲ ಎಂದಲ್ಲ. ಮೊದಲು ಮಕ್ಕಳು ಸಣ್ಣವರಿದ್ದರು, ಆಮೇಲೆ ಮಂಡಿನೋವು ಬಂತು. ಯಾವ ಊರು, ಯಾರ ಹಿಡಿ, ಯಾರಿಗೆ ಗೊತ್ತು? ನಮ್ಮೂರ ಹತ್ತಿ ಪೇಟೆಗೆ ಈಗ ಚಕ್ಕಡಿ ಬರುವುದಿಲ್ಲ. ತಗಡಿನ ಶೆಡ್ಡಿನಲ್ಲಿ ಆಡು ಮಲಗಿರುತ್ತವೆ. ಹನುಮವ್ವನೂ ಇಲ್ಲ.

ಟಿವಿಯ ಕೊನೆಯ ಕಂತಿನಲ್ಲಿ ಪೊಲೀಸರು ಬಂದು ಬಂದರಿನವರನ್ನೆಲ್ಲ ಹಿಡಿದು ವ್ಯಾನಿಗೆ ತುಂಬಿದರು. ಬಾಜು ಕೂತ ನಮ್ಮ ಯಜಮಾನರು, ಅವೇ ಕಿವಿಗಳು, ಈಗ ಸರಿಯಾಗಿ ಕೇಳುವುದಿಲ್ಲ, ಅಂದರು: "ನೋಡು, ಹೆಂಥಾ ಮಂದಿ! ಪುಣ್ಯಾಕ್ಕ ನಮ್ಮ ಎರಡೂ ಮನಿತನದಾಗ ಇಂಥಾದ್ದಿಲ್ಲ." ನಾನು ಬೆನ್ನ ಹಿಂದಿನ ದಿಂಬು ಸರಿಮಾಡಿಕೊಂಡೆ.

ಮರುದಿನ ಮೊಮ್ಮಗಳು ಹುಬ್ಬಳ್ಳಿಯಿಂದ ಹೊಸ ತಲೆದಿಂಬು ತಂದಳು. ಒಳಗೆ ಹತ್ತಿಯೇ ಇಲ್ಲವಂತೆ, ಅದೇನೋ ಸ್ಪಂಜು. ಹಳೆಯದನ್ನು ಎರಡು ಬೆರಳಿನಿಂದ ಎತ್ತಿ ಹಿಡಿದು, "ಆಯಿ, ಇದನ್ನ ಕಸದ ಗಾಡಿಗೆ ಹಾಕಲೇನು?" ಅಂದಳು.

"ಇಲ್ಲಿ ಕೊಡು" ಅಂದೆ. "ನಂದಾಗಿದ್ರ ಎಂದೋ ಹಾಕ್ತಿದ್ದೆ ಬೇ. ಮಂದೀದು."